ಸಿಪಿಎಲ್ ಥಿಯರಿ ಪರೀಕ್ಷೆಗೆ ಓದುವುದು ಹೇಗೆ: ಮೊದಲು ಕಾಗದ, ಪೆನ್ಸಿಲ್ ತಗೊಳ್ಳಿ

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ವಿಮಾನ ಮೇಲೇರುತ್ತಿದೆ. ಎದುರಿನಿಂದ ನುಗ್ಗುವ ಗಾಳಿಯ ಒತ್ತಡ ಹಿಡಿಯುವ ಪಿಟೋ ಟ್ಯೂಬ್ ಅನ್ನುವ ಕೊಳವೆ ಹಿಮಗಟ್ಟಿ ಪೂರ್ತಿ ಮುಚ್ಚಿಹೋಗಿದೆ, ನೀರು ಹೋಗುವ ಸಣ್ಣ ತೂತೂ ಸೇರಿ. ಏರ್‌ಸ್ಪೀಡ್ ಇಂಡಿಕೇಟರ್, ಅಂದರೆ ವೇಗ ತೋರಿಸುವ ಮೀಟರ್, ಏನು ತೋರಿಸುತ್ತದೆ?

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, ಅಂದರೆ ಸಿಪಿಎಲ್‌ಗೆ, ಓದುತ್ತಿರುವವರನ್ನು ಕೇಳಿ ನೋಡಿ. "ಜಾಸ್ತಿ ತೋರಿಸುತ್ತೆ" ಅಂತ ತಟ್ಟನೆ ಹೇಳುತ್ತಾರೆ. ಉತ್ತರ ಸರಿ. ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. ಮುಚ್ಚಿರುವುದು ಸ್ಟ್ಯಾಟಿಕ್ ಪೋರ್ಟ್ (ಹೊರಗಿನ ಗಾಳಿಯ ಒತ್ತಡ ತರುವ ತೂತು), ವಿಮಾನ ಇಳಿಯುತ್ತಿದೆ. ಈಗ ಏನು? ಇಲ್ಲಿ ಬಹಳ ಜನ ತಡವರಿಸುತ್ತಾರೆ. ಹಿಂದಿನ ಉತ್ತರ ಅವರಿಗೆ ಬಾಯಿಗೆ ಬಂದಿತ್ತು, ತಲೆಗೆ ಹೋಗಿರಲಿಲ್ಲ.

ಈಗ ಒಂದು ಕಾಗದ ತಗೊಂಡು ಒಂದು ಡಬ್ಬಿ ಬರೆಯಿರಿ. ಅದರೊಳಗೆ ಬಲೂನಿನ ಹಾಗೆ ಉಬ್ಬುವ ಒಂದು ಕ್ಯಾಪ್ಸೂಲ್. ಕ್ಯಾಪ್ಸೂಲ್‌ಗೆ ಪಿಟೋ ಟ್ಯೂಬಿನ ಒತ್ತಡ ಬರುತ್ತದೆ. ಡಬ್ಬಿಗೆ ಸ್ಟ್ಯಾಟಿಕ್ ಪೋರ್ಟಿನಿಂದ ಹೊರಗಿನ ಗಾಳಿಯ ಒತ್ತಡ ಬರುತ್ತದೆ. ಈ ಎರಡರ ವ್ಯತ್ಯಾಸವೇ ನಿಮಗೆ ಕಾಣುವ ವೇಗ. ಪಿಟೋ ಮುಚ್ಚಿತು ಅಂದರೆ ಕ್ಯಾಪ್ಸೂಲ್ ಒಳಗಿನ ಒತ್ತಡ ಹಾಗೇ ಸಿಕ್ಕಿಹಾಕಿಕೊಂಡಿತು. ಮೇಲೇರಿದಾಗ ಡಬ್ಬಿಯ ಒತ್ತಡ ಇಳಿಯುತ್ತದೆ, ಕ್ಯಾಪ್ಸೂಲ್ ಉಬ್ಬುತ್ತದೆ, ಮುಳ್ಳು ಮೇಲೆ ಹೋಗುತ್ತದೆ. ಸ್ಟ್ಯಾಟಿಕ್ ಮುಚ್ಚಿ ಕೆಳಗಿಳಿದರೆ ಡಬ್ಬಿಯಲ್ಲಿ ಸಿಕ್ಕಿಕೊಂಡಿರುವುದು ಮೇಲಿನ ಕಡಿಮೆ ಒತ್ತಡ, ಪಿಟೋಗೆ ಬರುತ್ತಿರುವುದು ಕೆಳಗಿನ ಜಾಸ್ತಿ ಒತ್ತಡ. ಮತ್ತೆ ವ್ಯತ್ಯಾಸ ಹೆಚ್ಚಾಯಿತು. ಆಗಲೂ ಜಾಸ್ತಿಯೇ ತೋರಿಸುತ್ತದೆ.

ಈ ಒಂದು ಚಿತ್ರ ಗೊತ್ತಿದ್ದರೆ ಪಿಟೋ, ಸ್ಟ್ಯಾಟಿಕ್, ಏರುವುದು, ಇಳಿಯುವುದು ಅಂತ ಹೇಗೆ ತಿರುಗಿಸಿ ಕೇಳಿದರೂ ಉತ್ತರ ನೀವೇ ಹುಟ್ಟಿಸಬಹುದು. ಸಿಪಿಎಲ್ ಥಿಯರಿಯ ಬಹುಪಾಲು ಹೀಗೇ ಇದೆ. ಈ ಲೇಖನದಲ್ಲಿ ನಾನು ಹೇಳುವ ಎಲ್ಲ ಹಂತಗಳೂ ಈ ಅಭ್ಯಾಸಕ್ಕೆ ಸೇರಿದವು.

ಪುಸ್ತಕ ತೆಗೆಯುವ ಮೊದಲು

ಮೊದಲು ಕ್ಲಾಸ್ 1 ಮೆಡಿಕಲ್, ಅಂದರೆ ಕಮರ್ಷಿಯಲ್ ಪೈಲಟ್‌ಗೆ ಬೇಕಾದ ವೈದ್ಯಕೀಯ ಪರೀಕ್ಷೆ, ಮಾಡಿಸಿ. ಎಷ್ಟೋ ಜನ ತಿಂಗಳುಗಟ್ಟಲೆ ಓದಿ, ದುಡ್ಡು ಕಟ್ಟಿ, ಆಮೇಲೆ ಕಣ್ಣಿನದೋ ಕಿವಿಯದೋ ತೊಂದರೆ ಗೊತ್ತಾಗಿ ನಿಲ್ಲುತ್ತಾರೆ. ಅದು ಮೊದಲೇ ಗೊತ್ತಾದರೆ ದಾರಿ ಹುಡುಕಲು ಸಮಯ ಸಿಗುತ್ತದೆ.

ಎರಡನೆಯದು, ನೀವು ಲೈಸೆನ್ಸ್ ಪಡೆಯುವ ದೇಶದ ವಿಮಾನಯಾನ ಪ್ರಾಧಿಕಾರದ ಸಿಲಬಸ್ಸನ್ನು ಅವರದೇ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ವಿಷಯಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ, ತನ್ನ ನಿಯಮಗಳ ಅನುಬಂಧವಾದ ಅನೆಕ್ಸ್ 1ರಲ್ಲಿ ಅವನ್ನು ಪಟ್ಟಿ ಮಾಡಿದೆ: ವಾಯು ನಿಯಮ, ವಿಮಾನದ ಸಾಮಾನ್ಯ ಜ್ಞಾನ, ಪರ್ಫಾರ್ಮೆನ್ಸ್ ಮತ್ತು ಲೋಡಿಂಗ್ (ವಿಮಾನದ ಸಾಮರ್ಥ್ಯ, ತೂಕದ ಲೆಕ್ಕ), ಹ್ಯೂಮನ್ ಪರ್ಫಾರ್ಮೆನ್ಸ್ (ಪೈಲಟ್ ದೇಹ, ಮನಸ್ಸಿನ ಮಿತಿಗಳು), ಹವಾಮಾನ, ನ್ಯಾವಿಗೇಷನ್, ಕಾರ್ಯವಿಧಾನ, ಹಾರಾಟದ ತತ್ವ, ರೇಡಿಯೋ ಸಂವಹನ. ಪರೀಕ್ಷೆ ನಡೆಸುವ ರೀತಿ ಮಾತ್ರ ಬೇರೆ ಬೇರೆ. ಅಮೆರಿಕದಲ್ಲಿ ಎಲ್ಲ ಸೇರಿ ಒಂದೇ ಪೇಪರ್. ಯುರೋಪಿನಲ್ಲಿ 13 ಪೇಪರ್. ಅಮೆರಿಕದಲ್ಲೂ ಭಾರತದಲ್ಲೂ ಪಾಸಾಗಲು 70 ಶೇಕಡಾ ಬೇಕು, ಯುರೋಪಿನಲ್ಲಿ 75.

ಮೂರನೆಯದು ಗಡುವು. ಪಾಸಾದ ಪೇಪರ್ ಎಷ್ಟು ಕಾಲ ಚಾಲ್ತಿಯಲ್ಲಿರುತ್ತದೆ, ಎಲ್ಲವನ್ನೂ ಎಷ್ಟು ತಿಂಗಳಲ್ಲಿ ಮುಗಿಸಬೇಕು, ಫೇಲಾದರೆ ಎಷ್ಟು ಸಲ ಕೂರಬಹುದು, ಪರೀಕ್ಷೆಗೆ ಯಾವ ಕ್ಯಾಲ್ಕ್ಯುಲೇಟರ್ ಒಯ್ಯಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಾ. ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಯುರೋಪಿನಲ್ಲಿ ಮೊದಲ ಪೇಪರ್‌ಗೆ ಕೂತ ತಿಂಗಳಿಂದ 18 ತಿಂಗಳೊಳಗೆ ಎಲ್ಲ ಮುಗಿಯಬೇಕು. ಗೊತ್ತಿಲ್ಲದೆ ಒಂದು ಸುಲಭದ ಪೇಪರನ್ನು ಮೊದಲೇ ಬರೆದುಬಿಟ್ಟರೆ ಗಡಿಯಾರ ಓಡಲು ಶುರುವಾಗುತ್ತದೆ.

ಸಿಲಬಸ್ಸಿನ ಪ್ರತಿ ಸಾಲಿನ ಮುಂದೆ ಒಂದು ಚೌಕ ಹಾಕಿಕೊಳ್ಳಿ. ಓದಿದೆ ಅಂತ ಅಲ್ಲಿ ಟಿಕ್ ಹಾಕಬೇಡಿ. ಪುಸ್ತಕ ಮುಚ್ಚಿ, ಚಿತ್ರ ಬರೆದು, ಇನ್ನೊಬ್ಬರಿಗೆ ಹೇಳಿಕೊಡಲು ಬಂತು ಅಂದಾಗ ಹಾಕಿ. ಕೇಳುವವರು ಯಾರೂ ಇಲ್ಲದಿದ್ದರೆ ಗೋಡೆಗೇ ಹೇಳಿ. ನಾಲ್ಕನೇ ವಾಕ್ಯದಲ್ಲಿ ನೀವು ಎಲ್ಲಿ ಎಡವುತ್ತೀರಿ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ

ಹಾರಾಟದ ತತ್ವ ಮತ್ತು ಉಪಕರಣಗಳನ್ನು ಮೊದಲು ಓದಿ. ಆಮೇಲೆ ಹವಾಮಾನ. ಆಮೇಲೆ ನ್ಯಾವಿಗೇಷನ್, ಅದರ ಜೊತೆಗೇ ಪರ್ಫಾರ್ಮೆನ್ಸ್ ಮತ್ತು ತೂಕದ ಲೆಕ್ಕ. ವಾಯು ನಿಯಮವನ್ನು ಕೊನೆಗೆ ಇಡಿ.

ಇದಕ್ಕೆ ಕಾರಣ ಇದೆ. ಎತ್ತರ ತೋರಿಸುವ ಆಲ್ಟಿಮೀಟರ್ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದೆ ಹವಾಮಾನದಲ್ಲಿ ಬರುವ ಒತ್ತಡದ ಪ್ರಶ್ನೆ ಬಗೆಹರಿಯುವುದಿಲ್ಲ. ಗಾಳಿ ಹೇಗೆ ಬೀಸುತ್ತದೆ ಅಂತ ಗೊತ್ತಿಲ್ಲದೆ ನ್ಯಾವಿಗೇಷನ್ ಬರೀ ಲೆಕ್ಕವಾಗಿಬಿಡುತ್ತದೆ. ನಿಯಮಗಳಲ್ಲಿ ನೆನಪಿಡುವುದು ಜಾಸ್ತಿ, ಅರ್ಥ ಮಾಡಿಕೊಳ್ಳುವುದು ಕಡಿಮೆ. ಮೂರು ತಿಂಗಳ ಮೊದಲೇ ಓದಿಟ್ಟರೆ ಪರೀಕ್ಷೆಯ ಹೊತ್ತಿಗೆ ಅರ್ಧ ಆವಿಯಾಗಿರುತ್ತದೆ.

ಗಣಿತಕ್ಕೆ ಒಂದು ವಾರ

ಗಣಿತ ಬಿಟ್ಟು ವರ್ಷಗಳಾಗಿದ್ದರೆ ಹೆದರಬೇಡಿ. ಸಿಪಿಎಲ್‌ಗೆ ಬೇಕಾದದ್ದು ಕೂಡುವುದು, ಭಾಗಿಸುವುದು, ಅನುಪಾತ, ಸ್ವಲ್ಪ ಸೈನ್ ಕೊಸೈನ್. 30 ಡಿಗ್ರಿಯ ಸೈನ್ 0.5, 45ರದ್ದು 0.7, 60ರದ್ದು ಸುಮಾರು 0.87. ಈ ಮೂರು ಬಾಯಲ್ಲಿ ಇರಲಿ. ಕೊಸೈನ್ ಅಂದರೆ ಇದೇ ಸಾಲು ತಿರುಗಾಮುರುಗಾ.

ಇದಕ್ಕಿಂತ ಮುಖ್ಯ ಅಳತೆಯ ಘಟಕಗಳು. ಅಡಿ, ಮೀಟರ್, ನಾಟಿಕಲ್ ಮೈಲು, ಕಿಲೋಮೀಟರ್, ಕಿಲೋ, ಪೌಂಡು, ಲೀಟರ್, ಎರಡು ಬಗೆಯ ಗ್ಯಾಲನ್. ಒಂದು ನಾಟಿಕಲ್ ಮೈಲು 1852 ಮೀಟರ್. ಒಂದು ಕಿಲೋ 2.2 ಪೌಂಡು. ಅಮೆರಿಕನ್ ಗ್ಯಾಲನ್ 3.785 ಲೀಟರ್, ಇಂಪೀರಿಯಲ್ ಗ್ಯಾಲನ್ 4.546 ಲೀಟರ್.

ಇದು ಅಂಕಕ್ಕಾಗಿ ಮಾತ್ರ ಕಲಿಯುವ ವಿಷಯ ಅಂತ ಅನ್ನಿಸಿದರೆ 1983ರ ಜುಲೈ 23ರಂದು ಕೆನಡಾದ ಆಕಾಶದಲ್ಲಿ ನಡೆದದ್ದನ್ನು ನೆನೆಯಿರಿ. ಒಂದು ಬೋಯಿಂಗ್ 767 ವಿಮಾನ 41,000 ಅಡಿ ಎತ್ತರದಲ್ಲಿತ್ತು. ಅದಕ್ಕೆ ಬೇಕಿದ್ದದ್ದು 22,300 ಕಿಲೋ ಇಂಧನ. ಲೀಟರನ್ನು ಕಿಲೋಗೆ ತಿರುಗಿಸುವ ಕಡೆ ಪೌಂಡಿನ ಗುಣಕ ಬಳಸಿದ್ದರು. ಹಾಗಾಗಿ ಟ್ಯಾಂಕಿನಲ್ಲಿ ಇದ್ದದ್ದು ಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ನಡುದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಗ್ಲೈಡ್ ಮಾಡಿಕೊಂಡು ಗಿಮ್ಲಿ ಅನ್ನುವ ಊರಿನ ಹಳೆಯ ವಾಯುಪಡೆ ನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ಅವತ್ತು ಇಂಧನ ಕಡಿಮೆ ಬೀಳಲು ದೊಡ್ಡ ಕಾರಣ ಒಂದು ತಪ್ಪು ಗುಣಾಕಾರ.

ಆದ್ದರಿಂದ ಲೆಕ್ಕದ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಘಟಕ ಬರೆಯಿರಿ. ಬರೀ 180 ಅಂತ ಬರೆಯಬೇಡಿ, 180 ಪೌಂಡು ಅಂತ ಬರೆಯಿರಿ. ಇದು ನೋಡಲು ಸಣ್ಣ ವಿಷಯ, ಆದರೆ ಮಾಕ್ ಟೆಸ್ಟಿನಲ್ಲಿ ಬೇಗ ಫಲ ಕೊಡುವ ಅಭ್ಯಾಸ ಇದೇ.

ನ್ಯಾವಿಗೇಷನ್: ಇಲ್ಲಿ ನಿಧಾನವಾಗಿ ಹೋಗಿ

ನನ್ನ ಮೊದಲ ನ್ಯಾವಿಗೇಷನ್ ಪೇಪರ್ ಫೇಲಾಯಿತು. ಕಾರಣ ಇವತ್ತಿಗೂ ಚೆನ್ನಾಗಿ ನೆನಪಿದೆ. ಗಾಳಿ ಯಾವ ದಿಕ್ಕಿನಿಂದ ಬರುತ್ತದೆ ಅಂತ ಕೊಟ್ಟಿದ್ದನ್ನು, ಯಾವ ದಿಕ್ಕಿಗೆ ಹೋಗುತ್ತದೆ ಅಂತ ತಗೊಂಡು ಲೆಕ್ಕ ಮಾಡಿದ್ದೆ. ಬಂದ ಉತ್ತರ ನಾಲ್ಕು ಆಯ್ಕೆಗಳಲ್ಲಿ ಇತ್ತು, ಹಾಗಾಗಿ ಅನುಮಾನವೇ ಬರಲಿಲ್ಲ. ಪ್ರಶ್ನೆ ತಯಾರು ಮಾಡುವವರಿಗೆ ನಾವು ಎಲ್ಲಿ ತಪ್ಪುತ್ತೇವೆ ಅಂತ ಚೆನ್ನಾಗಿ ಗೊತ್ತು. ಆ ತಪ್ಪು ದಾರಿಯ ಕೊನೆಯಲ್ಲಿ ಸಿಗುವ ಸಂಖ್ಯೆಯನ್ನೂ ಒಂದು ಆಯ್ಕೆಯಾಗಿ ಇಟ್ಟಿರುತ್ತಾರೆ.

ಆಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಫ್ಲೈಟ್ ಕಂಪ್ಯೂಟರ್, ಅಂದರೆ ಗಾಳಿ, ವೇಗದ ಲೆಕ್ಕ ಮಾಡುವ ಕೈ ಉಪಕರಣ, ಮುಟ್ಟುವ ಮೊದಲು ಒಂದು ಒರಟು ಚಿತ್ರ, ಒಂದು ಅಂದಾಜು ಉತ್ತರ. ಇದನ್ನು ಒಂದು ಉದಾಹರಣೆಯಲ್ಲಿ ನೋಡೋಣ.

ಟ್ರ್ಯಾಕ್, ಅಂದರೆ ನೆಲದ ಮೇಲೆ ಹೋಗಬೇಕಾದ ದಾರಿ, 090 ಡಿಗ್ರಿ. ಟ್ರೂ ಏರ್‌ಸ್ಪೀಡ್ (ಗಾಳಿಯೊಳಗಿನ ನಿಜ ವೇಗ) 120 ನಾಟ್ಸ್ (ಗಂಟೆಗೆ ಅಷ್ಟು ನಾಟಿಕಲ್ ಮೈಲು). ಗಾಳಿ 120 ಡಿಗ್ರಿಯಿಂದ, 20 ನಾಟ್ಸ್. ಪೂರ್ವಕ್ಕೆ ಒಂದು ಬಾಣ ಎಳೆಯಿರಿ. ಗಾಳಿ ಬಲಮುಂದಿನಿಂದ, 30 ಡಿಗ್ರಿ ಓರೆಯಾಗಿ ಬರುತ್ತಿದೆ. ಅಂದರೆ ಅದು ನಿಮ್ಮನ್ನು ಎಡಕ್ಕೆ ತಳ್ಳುತ್ತದೆ, ವೇಗವನ್ನೂ ಕಡಿಮೆ ಮಾಡುತ್ತದೆ. ಮೂಗನ್ನು ಬಲಕ್ಕೆ ತಿರುಗಿಸಬೇಕು. ಹೆಡಿಂಗ್ (ಮೂಗಿನ ದಿಕ್ಕು) 090ಕ್ಕಿಂತ ಜಾಸ್ತಿ, ಗ್ರೌಂಡ್‌ಸ್ಪೀಡ್ (ನೆಲದ ಮೇಲಿನ ವೇಗ) 120ಕ್ಕಿಂತ ಕಡಿಮೆ. ಇಷ್ಟು ಗೊತ್ತಾದರೆ ಸಾಮಾನ್ಯವಾಗಿ ಎರಡು ಆಯ್ಕೆ ಅಲ್ಲೇ ಬಿದ್ದುಹೋಗುತ್ತವೆ.

ಈಗ ಸಂಖ್ಯೆ. ಅಡ್ಡಗಾಳಿ ಅಂದರೆ 20ರ ಅರ್ಧ, 10 ನಾಟ್ಸ್. ತಿದ್ದಬೇಕಾದ ಕೋನ 10 ಭಾಗಿಸು 120, ಗುಣಿಸು 60, ಅಂದರೆ 5 ಡಿಗ್ರಿ. ಹೆಡಿಂಗ್ 095. ಎದುರುಗಾಳಿ 20ರ 0.87 ಭಾಗ, ಸುಮಾರು 17. ಗ್ರೌಂಡ್‌ಸ್ಪೀಡ್ ಸುಮಾರು 103. ಈಗ ಫ್ಲೈಟ್ ಕಂಪ್ಯೂಟರ್ ತಗೊಂಡು ಸರಿಯಾಗಿ ಮಾಡಿ. ಅದು 085 ತೋರಿಸಿದರೆ ನೀವು ಅದರ ಮೇಲೆ ಗಾಳಿಗೆ ಹಾಕುವ ಚುಕ್ಕೆಯನ್ನು ತಪ್ಪು ಕಡೆ ಇಟ್ಟಿದ್ದೀರಿ ಅಂತ ತಕ್ಷಣ ತಿಳಿಯುತ್ತದೆ.

ಈ ಲೆಕ್ಕದಲ್ಲಿ 60 ಎಲ್ಲಿಂದ ಬಂತು? 60 ನಾಟಿಕಲ್ ಮೈಲು ದೂರದಲ್ಲಿ 1 ಡಿಗ್ರಿ ತಪ್ಪಿದರೆ ಸುಮಾರು 1 ನಾಟಿಕಲ್ ಮೈಲು ಪಕ್ಕಕ್ಕೆ ಹೋಗಿರುತ್ತೀರಿ. ಇದೇ ಒಂದು-ಅರವತ್ತರ ನಿಯಮ. 40 ಮೈಲು ಹಾರಿದ ಮೇಲೆ ನೋಡಿದರೆ ದಾರಿಯಿಂದ 4 ಮೈಲು ಎಡಕ್ಕೆ ಇದ್ದೀರಿ ಅಂದುಕೊಳ್ಳಿ. ತಪ್ಪಿದ ಕೋನ 6 ಡಿಗ್ರಿ. ಮುಂದೆ ಇನ್ನೂ 60 ಮೈಲು ಇದೆ, ಗುರಿಗೆ ಸೇರಲು ಇನ್ನೂ 4 ಡಿಗ್ರಿ ಬೇಕು. ಒಟ್ಟು 10 ಡಿಗ್ರಿ ಬಲಕ್ಕೆ. ಬರೀ 6 ತಿದ್ದಿದರೆ ದಾರಿಗೆ ಸಮಾನಾಂತರವಾಗಿ ಹೋಗುತ್ತೀರಿ, ಊರು ತಲುಪುವುದಿಲ್ಲ. ಇದನ್ನು ಒಮ್ಮೆ ಬರೆದು ನೋಡಿ, ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ಇಷ್ಟದ ಪ್ರಶ್ನೆ ಪಾಯಿಂಟ್ ಆಫ್ ಈಕ್ವಲ್ ಟೈಮ್. ಮುಂದೆ ಹೋಗಲೂ ಹಿಂದೆ ಬರಲೂ ಒಂದೇ ಸಮಯ ಹಿಡಿಯುವ ಜಾಗ. ದೂರ 600 ಮೈಲು, ಹೋಗುವ ಗ್ರೌಂಡ್‌ಸ್ಪೀಡ್ 140, ವಾಪಸ್ ಬರುವಾಗ 100. ಒಟ್ಟು ದೂರವನ್ನು ವಾಪಸ್ಸಿನ ವೇಗದಿಂದ ಗುಣಿಸಿ, ಎರಡೂ ವೇಗಗಳ ಮೊತ್ತದಿಂದ ಭಾಗಿಸಿ. 600 ಗುಣಿಸು 100, ಭಾಗಿಸು 240. ಉತ್ತರ 250 ಮೈಲು. ಸರಿ ಇದೆಯಾ ಅಂತ ನೋಡಿ: ಮುಂದಿನ 350 ಮೈಲಿಗೆ 140ರಲ್ಲಿ ಎರಡೂವರೆ ಗಂಟೆ, ಹಿಂದಿನ 250ಕ್ಕೆ 100ರಲ್ಲಿ ಎರಡೂವರೆ ಗಂಟೆ. ಸರಿಯಾಗಿ ಕೂತಿತು. ಗಾಳಿ ಇಲ್ಲದಿದ್ದರೆ ಈ ಜಾಗ ನಡುವೆ, 300ರಲ್ಲಿ ಇರುತ್ತಿತ್ತು. ಗಾಳಿ ಬೀಸಿದರೆ ಅದು ಯಾವಾಗಲೂ ಗಾಳಿ ಬರುವ ಕಡೆಗೆ ಸರಿಯುತ್ತದೆ. ಸೂತ್ರ ಮರೆತರೂ ಈ ಮಾತು ನಿಮ್ಮ ಕೈ ಹಿಡಿಯುತ್ತದೆ.

ರೇಖಾಂಶದ ಲೆಕ್ಕಕ್ಕೆ ಒಂದು ಮಾತು. ಅಕ್ಷಾಂಶದ 1 ಡಿಗ್ರಿ ಎಲ್ಲಿದ್ದರೂ 60 ನಾಟಿಕಲ್ ಮೈಲು. ರೇಖಾಂಶದ ಡಿಗ್ರಿ ಹಾಗಲ್ಲ, ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ 60ರ ಕೊಸೈನ್ 0.5. ಒಂದು ಕಿತ್ತಳೆ ಹಣ್ಣು ಬಿಡಿಸಿ ತೊಳೆಗಳನ್ನು ನೋಡಿ, ಎಲ್ಲ ಗೊತ್ತಾಗುತ್ತದೆ.

ಹವಾಮಾನ

ಈ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಕಿಟಕಿ ತೆರೆದರೆ ಪಾಠ ಹೊರಗೇ ನಡೆಯುತ್ತಿರುತ್ತದೆ. ದಿನಾ ಬೆಳಿಗ್ಗೆ ಹತ್ತಿರದ ವಿಮಾನ ನಿಲ್ದಾಣದ ಮೆಟಾರ್, ಅಂದರೆ ಸಂಕೇತದಲ್ಲಿ ಬರೆದ ಹವಾಮಾನ ವರದಿ, ತೆಗೆದು ಓದಿ, ಆಮೇಲೆ ಆಕಾಶ ನೋಡಿ. ಹದಿನೈದು ದಿನ ಹೀಗೆ ಮಾಡಿದರೆ ಡಿಕೋಡ್ ಮಾಡುವುದನ್ನು ಬೇರೆಯಾಗಿ ಕಲಿಯಬೇಕಿಲ್ಲ.

ಉಷ್ಣಾಂಶ ಮತ್ತು ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶವಾದ ಡ್ಯೂಪಾಯಿಂಟ್‌ನ ವ್ಯತ್ಯಾಸವನ್ನು 400ರಿಂದ ಗುಣಿಸಿದರೆ ಕ್ಯುಮುಲಸ್ ಮೋಡದ ತಳ ನೆಲದಿಂದ ಎಷ್ಟು ಅಡಿ ಮೇಲಿದೆ ಅಂತ ಅಂದಾಜು ಸಿಗುತ್ತದೆ. 30 ಮತ್ತು 20 ಇದ್ದರೆ ಸುಮಾರು 4000 ಅಡಿ. ವ್ಯತ್ಯಾಸ ಸೊನ್ನೆಯ ಹತ್ತಿರ ಬಂದಿದೆ, ರಾತ್ರಿ ಆಕಾಶ ಶುಭ್ರವಾಗಿದೆ, ಗಾಳಿ ಮೆಲ್ಲಗಿದೆ ಅಂದರೆ ಬೆಳಗಿನ ಜಾವ ಮಂಜು ಕಟ್ಟುವ ಲಕ್ಷಣ. ಅದು ರೇಡಿಯೇಷನ್ ಫಾಗ್. ಬಿಸಿ ತೇವದ ಗಾಳಿ ತಣ್ಣನೆಯ ನೆಲ ಅಥವಾ ಸಮುದ್ರದ ಮೇಲೆ ಹರಿದು ಬಂದರೆ ಅಡ್ವೆಕ್ಷನ್ ಫಾಗ್. ಇದು ಗಾಳಿ ಸ್ವಲ್ಪ ಜೋರಾಗಿದ್ದಾಗಲೂ ಚದುರದೆ ಉಳಿಯುತ್ತದೆ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಿಯೇ ಕೇಳುತ್ತಾರೆ.

ಒಂದು ಸಣ್ಣ ಬಲೆ ಇದೆ. ಮೆಟಾರ್‌ನಲ್ಲಿ ಬರೆದ ಗಾಳಿಯ ದಿಕ್ಕು ಟ್ರೂ, ಅಂದರೆ ಭೂಮಿಯ ನಿಜವಾದ ಉತ್ತರದಿಂದ ಅಳೆದದ್ದು. ಟವರ್ ರೇಡಿಯೋದಲ್ಲಿ ಹೇಳುವ ಗಾಳಿ ಮ್ಯಾಗ್ನೆಟಿಕ್, ಅಂದರೆ ದಿಕ್ಸೂಚಿಯ ಉತ್ತರದಿಂದ ಅಳೆದದ್ದು. ರನ್‌ವೇ ಸಂಖ್ಯೆಯೂ ಸಾಮಾನ್ಯವಾಗಿ ಮ್ಯಾಗ್ನೆಟಿಕ್. "ಓದಿದ್ದು ಟ್ರೂ, ಕೇಳಿದ್ದು ಮ್ಯಾಗ್ನೆಟಿಕ್" ಅಂತ ನೆನಪಿಡಿ. ಅಡ್ಡಗಾಳಿಯ ಲೆಕ್ಕದಲ್ಲಿ ಇದನ್ನು ಮರೆತರೆ ಅಂಕ ಹೋಯಿತು.

ಆಲ್ಟಿಮೀಟರ್ ಪ್ರಶ್ನೆಗೆ ಇನ್ನೊಂದು ಚಿತ್ರ. ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಅಲ್ಲಿನ ಒತ್ತಡ) 1003 ಇದೆ, ಆಲ್ಟಿಮೀಟರಿನಲ್ಲಿ ನೀವು ಸ್ಟ್ಯಾಂಡರ್ಡ್ ಒತ್ತಡವಾದ 1013 ಹಾಗೇ ಬಿಟ್ಟಿದ್ದೀರಿ. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿ. ಆಲ್ಟಿಮೀಟರ್ 300 ಅಡಿ ಜಾಸ್ತಿ ಹೇಳುತ್ತಿದೆ. 3000 ತೋರಿಸಿದರೆ ನೀವು ನಿಜವಾಗಿ ಇರುವುದು 2700ರಲ್ಲಿ. ಮುಂದೆ 2800 ಅಡಿಯ ಬೆಟ್ಟ ಇದೆ ಅಂತ ಬರೆದುಕೊಳ್ಳಿ. ಬೆಟ್ಟ ಇರುವ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಜಾಸ್ತಿ ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ, ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹೋಗುವಾಗ ನೀವು ಅಂದುಕೊಂಡಿದ್ದಕ್ಕಿಂತ ಕೆಳಗಿರುತ್ತೀರಿ.

ಪರ್ಫಾರ್ಮೆನ್ಸ್ ಮತ್ತು ತೂಕ

ಇಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಯ ಪ್ರಕಾರದ ಎತ್ತರ) ಒಂದನ್ನು ಕೈಯಾರೆ ಹತ್ತು ಸಲ ಮಾಡಿ. ಏರೋಡ್ರೋಮ್ ಎತ್ತರ 3000 ಅಡಿ, ಕ್ಯೂಎನ್‌ಎಚ್ 1003, ಉಷ್ಣಾಂಶ 35 ಡಿಗ್ರಿ. ಮೊದಲು ಪ್ರೆಷರ್ ಆಲ್ಟಿಟ್ಯೂಡ್ (1013 ಇಟ್ಟಾಗ ಆಲ್ಟಿಮೀಟರ್ ತೋರಿಸುವ ಎತ್ತರ): 3000 ಜೊತೆಗೆ 300, ಒಟ್ಟು 3300. ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಪ್ರತಿ 1000 ಅಡಿಗೆ ಸುಮಾರು 2 ಡಿಗ್ರಿ ಇಳಿಕೆ. ಹಾಗಾಗಿ 3300 ಅಡಿಯಲ್ಲಿ 8.4 ಡಿಗ್ರಿ ಇರಬೇಕಿತ್ತು. ಇರುವುದು 26.6 ಡಿಗ್ರಿ ಜಾಸ್ತಿ. ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿ. ಸುಮಾರು 6500 ಅಡಿ. ನೆಲದ ಮೇಲೆ ನಿಂತ ವಿಮಾನಕ್ಕೆ ತಾನು 6500 ಅಡಿ ಎತ್ತರದ ತೆಳು ಗಾಳಿಯಲ್ಲಿ ಇದ್ದಂತೆ. ರನ್‌ವೇ ಯಾಕೆ ಸಾಲುವುದಿಲ್ಲ ಅನ್ನುವುದು ಈಗ ಅರ್ಥ ಆಗುತ್ತದೆ ಅಲ್ವಾ?

ತೂಕದ ಲೆಕ್ಕ ಸುಲಭ. ಪ್ರತಿ ತೂಕವನ್ನು ಒಂದು ಗೊತ್ತಾದ ಬಿಂದುವಿನಿಂದ ಅದಕ್ಕಿರುವ ದೂರದಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸಿ; ಸಿಗುವುದು ವಿಮಾನದ ತೂಕದ ಕೇಂದ್ರ. ಅವಸರ ಮಾಡಿದರೆ ಮಾತ್ರ ತಪ್ಪುತ್ತದೆ. ಟೇಬಲ್ ಹಾಕಿಯೇ ಮಾಡಿ, ಗೀಟು ಎಳೆಯಲು ಬೇಜಾರು ಮಾಡಿಕೊಳ್ಳಬೇಡಿ.

ಹಾರಾಟದ ತತ್ವದಲ್ಲಿ

ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತುವ ಶಕ್ತಿ ಕಳೆದುಕೊಳ್ಳುವುದು) ಆಗುವುದು ವೇಗದಿಂದಲ್ಲ, ರೆಕ್ಕೆ ಎದುರು ಗಾಳಿಗೆ ಮಾಡುವ ಕೋನದಿಂದ. ಇದು ನಿಜವಾಗಿ ಒಳಗಿಳಿದರೆ ಅರ್ಧ ಪಾಠ ಮುಗಿಯಿತು. ಎತ್ತರ ಕಾಯ್ದುಕೊಂಡು 60 ಡಿಗ್ರಿ ಬ್ಯಾಂಕ್ ಮಾಡಿ (ಪಕ್ಕಕ್ಕೆ ವಾಲಿಸಿ) ತಿರುಗಿದರೆ ರೆಕ್ಕೆಯ ಮೇಲೆ ಎರಡರಷ್ಟು ಭಾರ. ಸ್ಟಾಲ್ ಸ್ಪೀಡ್ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಏರುತ್ತದೆ. 50 ನಾಟ್ಸ್ ಇದ್ದದ್ದು 71 ಆಗುತ್ತದೆ. ಲಿಫ್ಟ್ (ರೆಕ್ಕೆಯ ಎತ್ತುವ ಬಲ) ಸೂತ್ರದಲ್ಲಿ ವೇಗಕ್ಕೆ ಮಾತ್ರ ವರ್ಗ ಇದೆ ಅನ್ನುವುದನ್ನು ಗಮನಿಸಿ. ವೇಗ ಎರಡು ಪಟ್ಟಾದರೆ ಲಿಫ್ಟ್ ನಾಲ್ಕು ಪಟ್ಟು. ಈ ಒಂದು ಅಂಶದ ಮೇಲೆಯೇ ಎಷ್ಟೋ ಪ್ರಶ್ನೆ ನಿಂತಿವೆ.

ನಿಯಮ ಮತ್ತು ರೇಡಿಯೋ

ವಾಯು ನಿಯಮಕ್ಕೆ ಸಣ್ಣ ಕಾರ್ಡುಗಳು ಸಾಕು. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಇವತ್ತು ನೋಡಿ, ಮೂರು ದಿನ ಬಿಟ್ಟು ನೋಡಿ, ಒಂದು ವಾರ ಬಿಟ್ಟು ನೋಡಿ. ಸರಿ ಬಂದದ್ದನ್ನು ದೂರ ತಳ್ಳಿ, ತಪ್ಪಿದ್ದನ್ನು ನಾಳೆಗೇ ಇಡಿ. ಐಕಾವೋ ಹುಟ್ಟಿಸಿದ ಶಿಕಾಗೋ ಒಪ್ಪಂದ 1944ರ ಡಿಸೆಂಬರ್ 7. ಅನೆಕ್ಸ್‌ಗಳು 19. ವಿಮಾನದ ಗುರುತನ್ನು ರಾಡಾರಿಗೆ ಕಳಿಸುವ ಟ್ರಾನ್ಸ್‌ಪಾಂಡರ್ ಕೋಡ್‌ಗಳಲ್ಲಿ ಅಪಹರಣಕ್ಕೆ 7500, ರೇಡಿಯೋ ಕೆಟ್ಟರೆ 7600, ತುರ್ತು ಪರಿಸ್ಥಿತಿಗೆ 7700. ಇಂಥವಕ್ಕೆ ಕಾರ್ಡೇ ಸರಿ.

ರೇಡಿಯೋ ಮಾತಿನ ನಿಯಮಗಳನ್ನು ಮಾತ್ರ ಸುಮ್ನೆ ಬಾಯಿಪಾಠ ಮಾಡಬೇಡಿ, ಅವು ಯಾಕೆ ಬಂದವು ಅಂತ ತಿಳಿಯಿರಿ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿ ಹೊಡೆದವು. 583 ಜನ ಸತ್ತರು. ಒಂದು ವಿಮಾನಕ್ಕೆ ಸಿಕ್ಕಿದ್ದು ಹೊರಟ ಮೇಲೆ ಹೋಗಬೇಕಾದ ದಾರಿಯ ಅನುಮತಿ. ಟೇಕಾಫ್ ಅನುಮತಿ ಸಿಕ್ಕಿರಲಿಲ್ಲ. ಆದರೂ ಅದು ಓಡಲು ಶುರು ಮಾಡಿತ್ತು. ಅದಾದ ಮೇಲೆ ಟೇಕಾಫ್ ಅನ್ನುವ ಪದವನ್ನು ಟೇಕಾಫ್ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದೆಲ್ಲ ಕಡೆ ಡಿಪಾರ್ಚರ್ ಅನ್ನಬೇಕು ಅಂತಾಯಿತು. ಇದು ಗೊತ್ತಿದ್ದವರಿಗೆ ಆ ಪ್ರಶ್ನೆ ತಪ್ಪುವುದಿಲ್ಲ. ಮುಂದೆ ಮೈಕ್ ಹಿಡಿದಾಗಲೂ ತಪ್ಪುವುದಿಲ್ಲ.

ಹ್ಯೂಮನ್ ಪರ್ಫಾರ್ಮೆನ್ಸ್ ಓದಲು ಹಗುರ. ಒಂದು ವಾರ ಸಾಕು. ಆದರೆ ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಮತ್ತು ಕಣ್ಣು ಕಿವಿ ಮೋಸ ಮಾಡುವ ಭಾಗವನ್ನು ಓಡಿಸಿಕೊಂಡು ಹೋಗಬೇಡಿ.

ಕ್ವೆಶ್ಚನ್ ಬ್ಯಾಂಕ್ ಬಳಸುವುದು ಹೇಗೆ

ಕ್ವೆಶ್ಚನ್ ಬ್ಯಾಂಕ್ ಬೇಕು. ಅದಿಲ್ಲದೆ ಪರೀಕ್ಷೆಯ ಭಾಷೆ ಅಭ್ಯಾಸ ಆಗುವುದಿಲ್ಲ. ಆದರೆ ಅಧ್ಯಾಯ ಓದುವ ಮೊದಲೇ ಅದನ್ನು ತೆರೆದರೆ ಕೆಡುಕಾಗುತ್ತದೆ. ಪ್ರಶ್ನೆಯ ಮೊದಲ ನಾಲ್ಕು ಪದ ನೋಡಿ ಮೂರನೇ ಆಯ್ಕೆ ಒತ್ತುವ ಚಟ ಹತ್ತುತ್ತದೆ. ಮಾಕ್ ಟೆಸ್ಟಿನಲ್ಲಿ 95 ಬರುತ್ತದೆ. ನಿಜವಾದ ಪೇಪರಿನಲ್ಲಿ ಏರುವುದರ ಬದಲು ಇಳಿಯುವುದು ಅಂತ ಬಂದಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಹೇಳುವ ಕ್ರಮ ಹೀಗಿದೆ. ಅಧ್ಯಾಯ ಮುಗಿಸಿ. ಮರುದಿನ ಅದರ ಪ್ರಶ್ನೆಗಳನ್ನು ಮಾಡಿ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಮೊದಲು ನಿಮ್ಮ ಉತ್ತರ ಬರೆಯಿರಿ, ಆಮೇಲೆ ಆಯ್ಕೆ ನೋಡಿ. ಸರಿ ಉತ್ತರ ಸಿಕ್ಕ ಮೇಲೂ ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ಮಾತು ಹೇಳಿ. ಆಗ ಒಂದು ಪ್ರಶ್ನೆಯಲ್ಲಿ ನಾಲ್ಕು ಕಲಿತಂತಾಗುತ್ತದೆ.

ಇದರ ಜೊತೆಗೆ ಒಂದು ತಪ್ಪುಗಳ ನೋಟ್‌ಬುಕ್ ಇಡಿ. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಘಟಕ ತಪ್ಪಾಯಿತು, ಲೆಕ್ಕ ತಪ್ಪಾಯಿತು. ಊಹೆ ಮಾಡಿ ಸರಿ ಬಂದದ್ದನ್ನೂ ಇಲ್ಲಿ ಬರೆಯಬೇಕು, ಅದು ನಾಳೆ ತಪ್ಪಾಗುವ ಉತ್ತರ. ಎರಡು ವಾರ ಕಳೆದ ಮೇಲೆ ಪುಟ ತಿರುವಿದರೆ ನಿಮ್ಮ ರೋಗ ಯಾವುದು ಅಂತ ಕಾಣುತ್ತದೆ. ನನ್ನ ಪುಸ್ತಕದಲ್ಲಿ "ಗೊತ್ತಿರಲಿಲ್ಲ" ಅನ್ನುವುದಕ್ಕಿಂತ "ಸರಿಯಾಗಿ ಓದಲಿಲ್ಲ" ಅನ್ನುವುದೇ ಜಾಸ್ತಿ ಇತ್ತು. ಅದು ಗೊತ್ತಾದ ದಿನದಿಂದ ಪ್ರಶ್ನೆಯಲ್ಲಿ ಬರುವ "ಅಲ್ಲದ", "ಕನಿಷ್ಠ", "ಗರಿಷ್ಠ", "ಏರುವಾಗ", "ಇಳಿಯುವಾಗ" ಅನ್ನುವ ಪದಗಳಿಗೆ ಅಡಿಗೆರೆ ಎಳೆಯಲು ಶುರು ಮಾಡಿದೆ.

ಕೊನೆಯ ಮೂರು ವಾರ

ಹೊಸದನ್ನು ಓದುವುದು ನಿಲ್ಲಿಸಿ. ಎರಡು ದಿನಕ್ಕೊಂದು ಪೂರ್ತಿ ಮಾಕ್ ಟೆಸ್ಟ್. ಫೋನ್ ಬೇರೆ ಕೋಣೆಯಲ್ಲಿರಲಿ, ಗಡಿಯಾರ ಎದುರಿಗಿರಲಿ, ಪರೀಕ್ಷೆ ನಡೆಯುವ ಹೊತ್ತಿಗೇ ಕೂರಿ. ನಡುವಿನ ದಿನ ಬರೀ ತಪ್ಪುಗಳ ನೋಟ್‌ಬುಕ್. ಪಾಸ್ ಅಂಕಕ್ಕಿಂತ ಹತ್ತು ಅಂಕ ಜಾಸ್ತಿ, ಹೊಸ ಪ್ರಶ್ನೆಗಳ ಮೇಲೆ, ಸತತ ಮೂರು ಸಲ ಬಂದರೆ ನೀವು ಸಿದ್ಧ. ಬರದಿದ್ದರೆ, ಅವಕಾಶ ಇದ್ದಲ್ಲಿ ದಿನಾಂಕ ಮುಂದೆ ಹಾಕಿ. ಅದರಲ್ಲಿ ಅವಮಾನ ಏನೂ ಇಲ್ಲ.

ಹಿಂದಿನ ರಾತ್ರಿ ನಿದ್ದೆ ಮಾಡಿ. ಫ್ಲೈಟ್ ಕಂಪ್ಯೂಟರ್, ಪ್ರೊಟ್ರಾಕ್ಟರ್, ಸ್ಕೇಲ್, ಎರಡು ಪೆನ್ಸಿಲ್, ಗುರುತಿನ ಚೀಟಿ ಎಲ್ಲ ಸಂಜೆಯೇ ಚೀಲಕ್ಕೆ ಹೋಗಲಿ.

ಪರೀಕ್ಷೆಯ ಕೋಣೆಯಲ್ಲಿ

ಮೂರು ಸುತ್ತು ಹೋಗಿ. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ಗೊತ್ತಾಗುವವು. ಎರಡನೆಯದರಲ್ಲಿ ಲೆಕ್ಕಗಳು. ಮೂರನೆಯದರಲ್ಲಿ ಅನುಮಾನ ಇರುವವು. ಉದ್ದ ಪ್ರಶ್ನೆ ಬಂದರೆ ಕೊನೆಯ ಸಾಲನ್ನು ಮೊದಲು ಓದಿ, ಏನು ಕೇಳಿದ್ದಾರೆ ಅಂತ ತಿಳಿದು ಮೇಲಕ್ಕೆ ಹೋಗಿ. ಕೊಟ್ಟ ಸಂಖ್ಯೆಗಳೆಲ್ಲ ಬೇಕಾಗುತ್ತವೆ ಅಂತೇನಿಲ್ಲ. ಒಂದು ಲೆಕ್ಕ ನಾಲ್ಕು ನಿಮಿಷಕ್ಕಿಂತ ಹೆಚ್ಚು ತಿಂದರೆ ಗುರುತು ಹಾಕಿ ಮುಂದೆ ನಡೆಯಿರಿ. ಬರೆದ ಉತ್ತರ ಬದಲಾಯಿಸಬೇಕಾದರೆ ನಿಮ್ಮ ತಪ್ಪು ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗಬೇಕು. ಬರೀ ಅಳುಕಿನಿಂದ ಬದಲಾಯಿಸಬೇಡಿ.

ಒಂದು ಪೇಪರ್ ಹೋಯಿತು ಅಂದರೆ ಆ ದಿನವೇ ಮನೆಗೆ ಬಂದು, ಎಲ್ಲಿ ಕೈಕೊಟ್ಟಿತು ಅಂತ ವಿಷಯವಾರು ಬರೆದಿಡಿ. ಎರಡು ದಿನ ಬಿಟ್ಟರೆ ನೆನಪಿರುವುದಿಲ್ಲ. ಆಮೇಲೆ ಎರಡು ದಿನ ಪುಸ್ತಕ ಮುಟ್ಟಬೇಡಿ. ಮೂರನೇ ದಿನ ಆ ಪಟ್ಟಿ ತೆಗೆದು, ಅಷ್ಟನ್ನೇ ಮೊದಲು ಓದಿ. ನನ್ನ ಪಟ್ಟಿಯಲ್ಲಿ ಇದ್ದದ್ದು ಮೂರು ಸಾಲು, ಮೊದಲನೆಯದು ಗಾಳಿಯ ದಿಕ್ಕು. ಆರು ವಾರದ ಮೇಲೆ ಅದೇ ಪೇಪರಿಗೆ ಮತ್ತೆ ಕೂತೆ. ಮೊದಲ ಗಾಳಿಯ ಪ್ರಶ್ನೆ ಬಂದಾಗ ರಫ್ ಹಾಳೆಯಲ್ಲಿ ಒಂದು ಬಾಣ ಎಳೆದು, ಅದರ ಬಾಲದ ಹತ್ತಿರ "ಇಲ್ಲಿಂದ" ಅಂತ ಬರೆದುಕೊಂಡೇ ಲೆಕ್ಕ ಶುರು ಮಾಡಿದೆ.